ಬೋಳು ಮಗ್ಗುಲಿನ ರೂಪಾಯಿ

ಇಪ್ಪತ್ತೊಂಬತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನಿಗೆ ಮನುಷ್ಯರ ಮೇಲೆ ನಂಬಿಕೆ ಉಳಿಯುವುದಿಲ್ಲ. ಹಾನಗಲ್ಲಿನಿಂದ ಶಿಗ್ಗಾಂವಿ, ಅಲ್ಲಿಂದ ಸವಣೂರು, ಕೆಲವು ವರ್ಷ ಹಿರೇಕೆರೂರು; ನಿದ್ದೆ ಬಂದಂತೆ ನಟಿಸಿ ಟಿಕೀಟು ತಪ್ಪಿಸುವವರು ಎಲ್ಲ ದಾರಿಯಲ್ಲೂ ಇದ್ದರು. ಮನೆಗೆ ಬೀಗರು ಬಂದರೂ ನಾನು ತಲೆ ಎಣಿಸುತ್ತೇನೆಂದು ಹೆಂಡತಿ ಆಡಿಕೊಳ್ಳುತ್ತಾಳೆ. ಸುಳ್ಳಲ್ಲ, ಎಣಿಸುತ್ತೇನೆ.

ಆ ನೌಕರಿಯಿಂದ ನನಗೆ ಉಳಿದ ಆಸ್ತಿ ಎಂದರೆ ಒಂದು ಡಬ್ಬಿ ನಾಣ್ಯ. ಚೀಲಕ್ಕೆ ವಿಚಿತ್ರವಾದದ್ದು ಬಿದ್ದರೆ ನನ್ನ ಜೇಬಿನದು ಹಾಕಿ ಅದನ್ನು ಎತ್ತಿಕೊಳ್ಳುತ್ತಿದ್ದೆ. ನನ್ನ ಜೀವವೆಲ್ಲ ಇದ್ದದ್ದು ದುಂಡಸಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಕೊಟ್ಟ ಒಂದು ರೂಪಾಯಿಯಲ್ಲಿ. ಒಂದು ಕಡೆ ಸಿಂಹಗಳಿವೆ, ಇನ್ನೊಂದು ಕಡೆ ನುಣ್ಣಗೆ ಬೋಳು. ಟಂಕಸಾಲೆಯಲ್ಲೇ ಆದ ತಪ್ಪು ಎಂದು ನಾನು. "ಯಾರೋ ಕಲ್ಲಿಗೆ ತಿಕ್ಕಿ ನಿಮಗ ದಾಟಿಸ್ಯಾರ" ಎಂದು ಹೆಂಡತಿ. ಬಂದ ನೆಂಟರಿಗೆಲ್ಲ ಇದನ್ನೇ ಹೇಳಿ ನಗಿಸುತ್ತಾಳೆ. ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅವಳ ಬಾಯಿ ಮುಚ್ಚಿಸುವ ಒಂದು ಕಾಗದ ನನಗೆ ಬೇಕಿತ್ತು.

ಕಳೆದ ವರ್ಷ ಸವಣೂರಿನಲ್ಲಿ ಅತ್ತರಿನ ಅಂಗಡಿಯ ಸಾಹೇಬರೊಬ್ಬರು ಹಳೆಯ ನಾಣ್ಯಗಳ ವ್ಯವಹಾರವನ್ನೂ ಮಾಡುತ್ತಾರೆಂದು ತಿಳಿದು ಹೋದೆ. ದೂರದ ಊರಿನಲ್ಲಿ ಪರಿಣತರಿದ್ದಾರೆ, ಅಸಲಿಯೋ ನಕಲಿಯೋ ನೋಡಿ, ದರ್ಜೆ ಬರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿ ಕೊಡುತ್ತಾರೆ ಎಂದರು. "ನಾವ ಕಳಸ್ತೇವ್ರಿ. ತಿಂಗಳೊಪ್ಪತ್ತು ಹಿಡಿತೈತಿ."

ಆ ತಿಂಗಳೊಪ್ಪತ್ತು ನನ್ನ ತಲೆ ಕೊರೆಯತೊಡಗಿತು. ಅಷ್ಟು ದಿನ ಅದು ಯಾರ ಕೈಯಲ್ಲಿರುತ್ತದೆ? ಇನ್ನೊಂದು ರೂಪಾಯಿಯನ್ನು ತಿಕ್ಕಿ, ಸೀಲು ಹಾಕಿ ಕೊಟ್ಟರೆ ನಾನು ಹೇಗೆ ಗುರುತು ಹಿಡಿಯಲಿ? ಸಾಹೇಬರು ಚಹಾ ತರಿಸಿದ್ದರ ಮೇಲೂ ಸಂಶಯ ಬಂತು. ಪರಿಚಯವಿಲ್ಲದವನಿಗೆ ಯಾರು ಸುಮ್ಮನೆ ಚಹಾ ಕುಡಿಸುತ್ತಾರೆ? ಕಳಿಸುವುದೋ ಬಿಡುವುದೋ ಎಂದು ಎರಡು ವಾರ ಒದ್ದಾಡಿದೆ.

ಕೊನೆಗೆ ಅಡುಗೆಮನೆಯ ಪಾತ್ರೆಗಳು ದಾರಿ ತೋರಿಸಿದವು. ಮದುವೆಮನೆಗೆ ಕೊಟ್ಟ ಕೊಳಗ, ತಾಟು ಅದಲುಬದಲಾಗಬಾರದೆಂದು ನಾವು ಎಲ್ಲದರ ಮೇಲೂ ಹೆಸರು ಕೊರೆಸಿರುತ್ತೇವೆ. ನಾಣ್ಯಕ್ಕೂ ಒಂದು ಗುರುತು ಇರಲಿ ಎಂದು ಚೀಲ ಹೊಲಿಯುವ ದಬ್ಬಣ ತೆಗೆದುಕೊಂಡು, ಬೋಳು ಮಗ್ಗುಲಿನ ಅಂಚಿಗೆ ಸಾಸಿವೆಯಷ್ಟೂ ಇಲ್ಲದ ಚುಕ್ಕಿ ಸುತ್ತಿಗೆಯಿಂದ ಕುಟ್ಟಿದೆ. ಇನ್ನು ಯಾವ ಮಗನೂ ನನಗೆ ಟೋಪಿ ಹಾಕಲಾರ ಎಂದುಕೊಂಡು ಸವಣೂರಿನ ಬಸ್ ಹತ್ತಿದೆ.

ಸಾಹೇಬರು ನಾಣ್ಯವನ್ನು ತೂಗಿದರು, ಭೂತಗನ್ನಡಿ ಹಿಡಿದು ಸುತ್ತಲೂ ತಿರುಗಿಸಿದರು. "ತೂಕ ಬರೋಬ್ಬರಿ ಐತ್ರಿ. ತಿಕ್ಕಿದ್ರ ಕಮ್ಮಿ ಆಗ್ತಿತ್ತು. ನನಗನಸೂದು ಇದು ಅಸಲಿ" ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಅವರ ಕೈ ನಿಂತಿತು.

"ಈ ಚುಕ್ಕಿ ಯಾರು ಹಾಕ್ಯಾರ್ರಿ? ಹೊಸಾದೈತಿ."

"ನಾನ ಹಾಕೇನ್ರಿ. ಗುರ್ತಿಗೆ."

"ಯಾಕ್ರಿ?"

ನಿಮ್ಮ ಮೇಲಿನ ಸಂಶಯಕ್ಕೆ ಎನ್ನುವುದು ಹೇಗೆ? ಅತ್ತರಿನ ಬಾಟಲಿಗಳ ಕಡೆ ನೋಡಿದೆ. ಅವರಿಗೆ ಅದು ಹೊಳೆಯಿತು, ಆದರೂ ಸಿಟ್ಟು ಮಾಡಲಿಲ್ಲ. "ಗಾಯ ಆದ ನಾಣ್ಯಕ್ಕ ಅವರು ದರ್ಜೆ ಬರಿಯೂದಿಲ್ರಿ. ಅದೂ ಬೋಳ ಮಗ್ಗಲಕ್ಕ ಕೈ ಹಚ್ಚೀರಿ. ಚುಕ್ಕಿ ಇಟ್ಟಾವ ಮತ್ತೇನೇನ ಮಾಡ್ಯಾನೋ ಅಂತ ಅವರಿಗೆ ಸಂಶೆ ಬರ್ತೈತಿ" ಎಂದು ಅದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಆ ದಿನವೂ ಚಹಾ ತರಿಸಿದರು. ತಲೆ ತಗ್ಗಿಸಿಕೊಂಡು ಕುಡಿದೆ.

ಮನೆಯ ಬಾಗಿಲಲ್ಲೇ ಹೆಂಡತಿ ಕೇಳಿದಳು: "ಏನಂದ್ರು?"

ಅಸಲಿ ಎಂದರು, ನಾನೇ ಕೈಯಾರೆ ಕೆಡಿಸಿದೆ ಎನ್ನಬೇಕಿತ್ತು. ಅಂದಿದ್ದರೆ ಇನ್ನು ಹತ್ತು ವರ್ಷ ನೆಂಟರನ್ನು ನಗಿಸಲು ಅವಳಿಗೆ ಅದು ಸಾಕಾಗುತ್ತಿತ್ತು.

"ಅವಾ ಮೋಸಗಾರ ಅದಾನ. ಬದಲಿ ಮಾಡಾಕ ನೋಡಿದ, ನಾ ಕೊಡಲಿಲ್ಲ" ಎಂದೆ.

ಅವಳು ನಗಲಿಲ್ಲ. "ಚಲೋ ಆತು ಬಿಡ್ರಿ. ನಿಮ್ಮ ಕಣ್ಣಾಗ ಯಾರ ಮಣ್ಣ ಹಾಕ್ತಾರ" ಎಂದು ನೀರು ತರಲು ಒಳಗೆ ಹೋದಳು. ಆ ರೂಪಾಯಿಯ ವಿಷಯದಲ್ಲಿ ಅವಳು ನನ್ನ ಮಾತು ನಂಬಿದ್ದು ಅದೇ ಮೊದಲು.