ನೂರ ನಲವತ್ತು ಎಂದು ಹೇಳಿದವಳು

ನಾನು ಐದನೆಯ ತರಗತಿವರೆಗೆ ಓದಿದವಳು. ಕೂಡುವುದು, ಭಾಗಿಸುವುದು ಬರುತ್ತದೆ. ಊಟಿಯ ಹತ್ತಿರ, ಸೋಲೂರಿನ ಕಡೆಯ ನಮ್ಮ ಹಟ್ಟಿಯಲ್ಲಿ ಚಹಾ ಎಲೆ ತೂಗುವ ಶೆಡ್ಡಿಗೆ ಅಷ್ಟು ಸಾಕು. ದಿನದ ತೂಕವನ್ನು ಚೀಟಿಯಲ್ಲಿ ಬರೆದು, ಶನಿವಾರ ಎಲ್ಲವನ್ನೂ ಕೂಡಿ, ದಿನಕ್ಕೆ ಇಷ್ಟು ಎಂದು ಭಾಗಿಸಿ, ಚೀಟಿಗಳನ್ನು ಒಲೆಗೆ ಹಾಕುತ್ತೇವೆ.

ತಂಗಿಯ ಸಕ್ಕರೆ ಕಾಯಿಲೆಯ ಲೆಕ್ಕವನ್ನೂ ನಾನು ಹಾಗೆಯೇ ಇಟ್ಟೆ.

ಅವಳು ಊಟಿಯ ಕಾಲೇಜಿನಲ್ಲಿ ಓದುತ್ತಿದ್ದಳು. ಪರೀಕ್ಷೆಯ ರಜೆಯಲ್ಲಿ ಮನೆಯಲ್ಲಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಕೂಡಲೇ ಉಣ್ಣಬೇಕು. ಆದರೆ ಹೊಲಕ್ಕೆ ಹೋದವರು ಬರುವ ತನಕ ಮನೆಯಲ್ಲಿದ್ದವರು ಪಾತ್ರೆಗೆ ಕೈ ಹಾಕಬಾರದೆಂದು ಅವ್ವ ಕಲಿಸಿದ್ದಳು. ಅವ್ವ ಹೋದ ಮೇಲೂ ತಂಗಿ ಅದನ್ನು ಬಿಡಲಿಲ್ಲ. ನನಗಾಗಿ ಕಾಯುತ್ತಿದ್ದಳು. ಕಾಯಬೇಡ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಯಾರೋ ಕಾಯುತ್ತಿದ್ದಾರೆ ಎನ್ನುವುದು ನನಗೆ ಹಿತವಾಗಿತ್ತು.

ಎಲೆ ಲಾರಿ ತಡವಾದ ದಿನ ನಾನೂ ತಡ. ಬಂದು ನೋಡಿದರೆ ಅವಳ ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಐವತ್ತೈದು, ಅರವತ್ತು. ಬೆಲ್ಲದ ಕಾಪಿ ಕುಡಿಸುತ್ತಿದ್ದೆ. ಮರುದಿನ ಅವಳು ಹೆದರಿ ಮದ್ದು ಕಡಿಮೆ ಹಾಕಿಕೊಳ್ಳುತ್ತಿದ್ದಳು, ಆಗ ಇನ್ನೂರು ದಾಟುತ್ತಿತ್ತು.

ಒಂದು ಸಂಜೆ ಪುಸ್ತಕ ಮುಂದಿಟ್ಟುಕೊಂಡು ಕೇಳಿದಳು.

"ಅಕ್ಕ, ಒಬ್ಬಳು ದಿನಾ ಮೂವತ್ತು ಕಿಲೋ ಎಲೆ ತರ್ತಾಳೆ. ಇನ್ನೊಬ್ಬಳು ಒಂದು ದಿನ ಐವತ್ತು, ಒಂದು ದಿನ ಹತ್ತು. ಇಬ್ಬರ ಸರಾಸರಿ?"

"ಮೂವತ್ತೇ."

"ಹಂಗಾರೆ ಇಬ್ಬರೂ ಒಂದೇಯಾ?"

"ಇಲ್ಲೆ. ಎರಡನೆಯವಳನ್ನ ನಂಬೋಕೆ ಆಗೋದಿಲ್ಲೆ."

"ಅದನ್ನೇ ಅಳೆಯೋದು. ದೊಡ್ಡದರಲ್ಲಿ ಚಿಕ್ಕದು ಕಳೆ, ಅದು ವ್ಯಾಪ್ತಿ. ಇನ್ನೂ ಸರಿಯಾಗಿ ಬೇಕಾದರೆ ದಿನದಿನದ್ದು ಸರಾಸರಿಯಿಂದ ಎಷ್ಟು ದೂರ ಅಂತ ನೋಡಬೇಕು. ಆ ದೂರಗಳನ್ನ ಸುಮ್ಮನೆ ಕೂಡಿದರೆ ಸೊನ್ನೆ ಬರ್ತದೆ."

"ಯಾಕೆ?"

"ಹೆಚ್ಚಾದದ್ದು ಕಡಿಮೆಯಾದದ್ದನ್ನ ತಿಂದು ಹಾಕ್ತದೆ. ಅದಕ್ಕೇ ವರ್ಗ ಮಾಡಿ ಆಮೇಲೆ ಕೂಡೋದು. ನಿನ್ನ ಶೆಡ್ಡಿಲಿ ಅದೆಲ್ಲ ಇಲ್ಲೆ, ಭಾಗಿಸು, ಒಲೆಗೆ ಹಾಕು, ಅಷ್ಟೇ."

ಇಬ್ಬರೂ ನಕ್ಕೆವು. ಆದರೆ ಆ ಕ್ಷಣವೇ ಅವಳ ಸಕ್ಕರೆಯ ಲೆಕ್ಕ ಬರೆದಿಡುವ ನನ್ನ ಪುಸ್ತಕ ನೆನಪಾಯಿತು. ಆ ವಾರದ್ದು ಅರವತ್ತು, ಇನ್ನೂರ ಮೂವತ್ತು, ಎಪ್ಪತ್ತು, ಇನ್ನೂರ ನಲವತ್ತು, ಐವತ್ತೈದು, ಇನ್ನೂರ ಹದಿನೈದು, ನೂರ ಹತ್ತು. ಕೂಡಿ ಏಳರಿಂದ ಭಾಗಿಸಿದರೆ ನೂರ ನಲವತ್ತು. ನಾನು ಅದೊಂದನ್ನೇ ಬರೆದು ಚೀಟಿಗಳನ್ನು ಸುಟ್ಟಿದ್ದೆ.

ಗೊತ್ತಿಲ್ಲದೆ ಮಾಡಿದೆ ಎಂದು ಇಲ್ಲಿಯವರೆಗೆ ಹೇಳಬಹುದಿತ್ತು. ಮುಂದಿನ ಸೋಮವಾರ ತಂಗಿಯನ್ನು ತೋರಿಸಲು ಹೋದಾಗ, ಸಕ್ಕರೆ ಎಷ್ಟಿರುತ್ತದೆ ಎಂದು ಡಾಕ್ಟರು ಕೇಳಿದ್ದಕ್ಕೆ ಗೊತ್ತಿದ್ದೇ ಹೇಳಿದೆ, "ಸರಾಸರಿ ನೂರ ನಲವತ್ತು ಸಾರ್." ಬಿಡಿಬಿಡಿಯಾಗಿ ಹೇಳಿದ್ದರೆ ಯಾಕೆ ಇಳಿಯಿತು ಎಂದು ಕೇಳುತ್ತಿದ್ದರು. ಇಳಿದ ಪ್ರತಿ ದಿನವೂ ನಾನು ತಡವಾಗಿ ಬಂದ ದಿನ. ತಂಗಿ ನನ್ನ ಮುಖ ನೋಡಿದಳು, ಆದರೆ ನನ್ನನ್ನು ಬಿಟ್ಟುಕೊಡಲಿಲ್ಲ. ಡಾಕ್ಟರು ಪರವಾಗಿಲ್ಲ, ಇದೇ ಮದ್ದು ಮುಂದುವರಿಸಿ ಎಂದರು.

ನಾಲ್ಕನೆಯ ದಿನ ನಾನು ಮನೆಗೆ ಬಂದಾಗ ಮೂರೂವರೆ. ಅವಳು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಒಲೆಯ ಮೇಲೆ ಅನ್ನದ ಪಾತ್ರೆ ಮುಚ್ಚಿದಂತೆಯೇ ಇತ್ತು. ಪಕ್ಕದಲ್ಲಿ ಎರಡು ತಟ್ಟೆ.

ಈಗ ಊಟಿಯ ಆಸ್ಪತ್ರೆಯಲ್ಲಿ ಮೂರನೆಯ ದಿನ. ಕಣ್ಣು ತೆರೆಯುತ್ತಾಳೆ, ನನ್ನನ್ನು ಗುರುತಿಸುವುದಿಲ್ಲ. ಸಕ್ಕರೆ ಇಳಿದು ಮೆದುಳಿಗೆ ಎಷ್ಟು ಪೆಟ್ಟಾಗಿದೆ ಎಂದು ಈಗಲೇ ಹೇಳಲಾಗದಂತೆ. ಹಿಂದೆ ಎಷ್ಟು ಸಲ, ಎಷ್ಟು ಕೆಳಗೆ ಇಳಿದಿತ್ತು ಎಂದು ಇಲ್ಲಿಯ ಡಾಕ್ಟರು ಕೇಳಿದರು. ಸಕ್ಕರೆ ನೋಡುವ ಮಿಷನ್ನು ಹಟ್ಟಿಯ ಮೂರು ಮನೆಗೆ ಒಂದೇ, ಅದರೊಳಗೆ ಎಲ್ಲರ ಸಂಖ್ಯೆಯೂ ಬೆರೆತಿದೆ. ಚೀಟಿಗಳು ಬೂದಿಯಾಗಿವೆ.

ನರ್ಸಮ್ಮನ ಹತ್ತಿರ ಒಂದು ಹಾಳೆ ಕೇಳಿ ಪಡೆದು, ನೆನಪಿದ್ದಷ್ಟನ್ನು ಬರೆದೆ. ಹಿಂದಿನ ವಾರಗಳಲ್ಲಿ ಹೆಚ್ಚಿದ ದಿನಗಳು ಸರಿಯಾಗಿ ನೆನಪಾಗಲಿಲ್ಲ. ಇಳಿದ ದಿನಗಳು ಒಂದೂ ತಪ್ಪಲಿಲ್ಲ. ಪ್ರತಿಯೊಂದರ ಎದುರಿಗೆ ನಾನು ಮನೆಗೆ ಬಂದ ಹೊತ್ತನ್ನೂ ಬರೆದೆ. ಕೊನೆಯಲ್ಲಿ ಕೂಡಲಿಲ್ಲ, ಭಾಗಿಸಲಿಲ್ಲ.

ಡಾಕ್ಟರು ಹಾಳೆ ನೋಡಿ, "ಈ ಟೈಮ್ ಯಾವುದಮ್ಮಾ?" ಎಂದರು.

"ನಾನು ಬಂದದ್ದು ಸಾರ್," ಎಂದೆ. "ಅಷ್ಟು ಹೊತ್ತು ಅವಳು ಉಣ್ಣದೆ ಕಾದದ್ದು."