ಪ್ರಬಂಧದಲ್ಲಿ ಸತ್ತುಹೋದ ಮಾಥಾಕಾನೆ

"ಅಮ್ಮಾ, ನೀನು ಸತ್ತು ಹದಿನೈದು ವರ್ಷ ಆಯ್ತಂತೆ."

ರಾಜಧಾನಿ ಮಸೇರುವಿನಲ್ಲಿ ಸಂದರ್ಶನ ಮುಗಿಸಿ ಬಂದ ಮಗಳು ರೆಲೆಬೊಹಿಲೆ ಹೊಸ್ತಿಲಲ್ಲೇ ನಿಂತು ಹೀಗೆಂದಾಗ ಮಾಥಾಕಾನೆ ಒಲೆಯ ಮುಂದೆ ಕೂತು ಮೆಕ್ಕೆಜೋಳದ ಮುದ್ದೆ ಪಾಪಾ ತಿರುವುತ್ತಿದ್ದಳು. ತಿರುವುತ್ತಿದ್ದ ಕೋಲು ಕೈಯಲ್ಲೇ ನಿಂತಿತು. ಆಮೇಲೆ ನಕ್ಕಳು.

"ಹಾಗಾದ್ರೆ ಒಳಗೆ ಬಾ, ಸತ್ತೋಳ ಕೈಯಡುಗೆ ಉಣ್ಣು."

ಮಗಳು ನಗಲಿಲ್ಲ. ಚೀಲದಿಂದ ಒಂದು ಪ್ರಬಂಧದ ಹಾಳೆಯ ನಕಲು ತೆಗೆದು ಓದಿದಳು: "ಹಾ ಲೆಸಾಲಾ ಗ್ರಾಮದ ಮಾಥಾಕಾನೆ ತೀರಿಕೊಂಡರು. ಅವರೊಂದಿಗೆ ಈ ಕಣಿವೆಯ ಗೋಡೆಚಿತ್ರಗಳೂ ಮುಗಿದವು."

"ಯಾರು ಬರೆದದ್ದು ಇದನ್ನ?"

"ನ್ತಾತೆ ಖೊತ್ಸೆಂಗ್," ಎಂದಳು ಮಗಳು, ಹಿರಿಯರನ್ನು ಕರೆಯುವ ಗೌರವದಲ್ಲೇ.

ಮಾಥಾಕಾನೆ ಕೋಲನ್ನು ಪಾತ್ರೆಯ ಮೇಲಿಟ್ಟಳು. ಮೂರನೆಯವರು ಯಾರಾದರೂ ಬರೆದಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಖೊತ್ಸೆಂಗ್ ನಾಲ್ಕು ತಿಂಗಳು ಇದೇ ಒಲೆಯ ಪಕ್ಕ ಕೂತು ಉಂಡವನು.

ಹತ್ತೊಂಬತ್ತರ ಪ್ರಾಯದಲ್ಲಿ ಸೊಸೆಯಾಗಿ ಈ ಊರಿಗೆ ಬಂದವಳು ಆಕೆ. ಗಂಡ ತೇಫೊ ಗಡಿಯಾಚೆ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ, ವರ್ಷಕ್ಕೆರಡು ಸಲ ಬರುತ್ತಿದ್ದ. ಅತ್ತೆ ಮಣ್ಣು, ಸಗಣಿ ಕಲಸಿ ಗೋಡೆ ಸಾರಿಸುವುದನ್ನೂ, ಹಸಿ ಆರುವ ಮುನ್ನ ಬೆರಳಲ್ಲಿ, ಊಟದ ಮುಳ್ಳುಚಮಚದಲ್ಲಿ ಗೆರೆ ಎಳೆಯುವುದನ್ನೂ ಕಲಿಸಿದಳು. ಲಿತೆಮಾ ಎನ್ನುವ ಈ ಚಿತ್ರಗಳನ್ನು ಮಳೆ ತೊಳೆದುಬಿಡುತ್ತದೆ. ಈಸ್ಟರ್ ಹತ್ತಿರ ಬಂದಾಗ ಮತ್ತೆ ಬರೆಯಬೇಕು. ಮಾಥಾಕಾನೆ ಮೂವತ್ತೆಂಟು ವರ್ಷದಿಂದ ಬರೆಯುತ್ತಲೇ ಇದ್ದಳು. ಮಗಳು ಓದಿ ಈಗ ಅದನ್ನೇ ವಿಷಯ ಮಾಡಿಕೊಂಡಿದ್ದಳು. ಆಫ್ರಿಕಾದ ಕಲೆ, ಸಂಸ್ಕೃತಿಯ ಮೇಲೆ ಪಿಎಚ್‌.ಡಿ. ಮಾಡುವವರಿಗೆ ಮೂರು ವರ್ಷ ಪೂರ್ತಿ ಖರ್ಚು ಕೊಡುವ ವಿದ್ಯಾರ್ಥಿವೇತನವೊಂದರ ಸಂದರ್ಶನಕ್ಕೇ ಅವಳು ಹೋಗಿದ್ದು. ಹಿಂದೆ ಖೊತ್ಸೆಂಗ್ ಕೂಡ ಅಂಥದೇ ಒಂದನ್ನು ಪಡೆದು ಈ ಚಿತ್ರಗಳ ಮೇಲೆ ಪ್ರಬಂಧ ಬರೆಯಲು ಈ ಊರಿಗೆ ಬಂದಿದ್ದ.

"ನೀನು ಹೇಳಲಿಲ್ವೇನೇ, ನಾನು ಬದುಕಿದೀನಿ ಅಂತ?"

"ಹೇಳ್ದೆ. ಬೆಳಿಗ್ಗೆ ನಂಗೆ ತಿಂಡಿ ಕೊಟ್ಟು ಕಳಿಸಿದ್ದೇ ಅವಳು ಅಂದೆ. ಒಬ್ಬರು ಕನ್ನಡಕ ತೆಗೆದು ನನ್ನೇ ನೋಡಿದ್ರು, ಸುಳ್ಳಿ ಅನ್ನೋ ಹಾಗೆ. ಖೊತ್ಸೆಂಗ್ ಅವರ ಪ್ರಬಂಧ ಪರೀಕ್ಷೆಯಾಗಿ ಒಪ್ಪಿಗೆಯಾಗಿದೆಯಂತೆ. ಶುಕ್ರವಾರದೊಳಗೆ ಪುರಾವೆ ತರಬೇಕಂತೆ."

"ಪುರಾವೆ! ನಾನೇ ಬರ್ತೀನಿ ನಡಿ."

ಶುಕ್ರವಾರ ಬೆಳಿಗ್ಗೆ ಮಾಥಾಕಾನೆ ಒಳ್ಳೆಯ ಕಂಬಳಿಯನ್ನೇ ಹೊದ್ದು ವ್ಯಾನ್ ಹತ್ತಿದಳು. ಸಂದರ್ಶನದ ಕೋಣೆಯೊಳಗೆ ಕಾಲಿಟ್ಟಾಗ ಆಯ್ಕೆ ಸಮಿತಿಯ ಅಧ್ಯಕ್ಷೆ ಎದ್ದು ನಿಂತರು. ಗುರುತಿನ ಚೀಟಿ ನೋಡಿದರು, ಮುಖ ನೋಡಿದರು, ಮತ್ತೆ ಚೀಟಿ ನೋಡಿದರು.

"ಕೂತ್ಕೊಳ್ಳಿ ತಾಯಿ," ಎಂದರು. ಪಕ್ಕದ ಕಟ್ಟಡದಲ್ಲಿ ಪಾಠ ಮಾಡುತ್ತಿದ್ದ ಖೊತ್ಸೆಂಗ್‌ಗೆ ಹೇಳಿಕಳಿಸಿದರು.

ಆತ ನಗುನಗುತ್ತ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು.

"ಅಮ್ಮ... ನೀವು..."

"ಹೂಂ, ನಾನೇ. ಮುಟ್ಟಿ ನೋಡ್ತೀಯಾ?"

ಆತ ಕುರ್ಚಿಯ ಮೇಲೆ ಕುಸಿದ. "ನಾನು ಬಂದಿದ್ದೆ ಅಮ್ಮ. ಕೊನೇ ಅಧ್ಯಾಯ ಬರೆಯೋ ಮುಂಚೆ. ದಿಣ್ಣೆ ಮೇಲಿಂದ ನೋಡಿದ್ರೆ ನಿಮ್ಮ ಅಂಗಳದ ತುಂಬ ಜನ. ಸಾವಿನೂಟಕ್ಕೆ ಹಸು ಕಡಿದಿದ್ರು. ಯಾರ ಸಾವು ಅಂತ ದಾರೀಲಿ ಒಬ್ಬಳನ್ನ ಕೇಳಿದೆ. 'ಮಾಥಾಕಾನೆ ಮನೇದು' ಅಂದ್ಳು. ನಂಗೆ ಕೆಳಗಿಳಿಯೋ ಧೈರ್ಯ ಬರಲಿಲ್ಲ. ವಾಪಸ್ ಹೋದೆ."

ಮಾಥಾಕಾನೆ ಎದ್ದು ಅವನ ಮುಂದೆ ಬಂದು ನಿಂತಳು.

"ಅದು ತೇಫೊ," ಎಂದಳು. "ನನ್ನ ಗಂಡನ ಮಣ್ಣಿನ ದಿನ ಅದು. ಗಣಿ ಧೂಳು ಕುಡಿದು ಕುಡಿದು ಎದೆ ಕಲ್ಲಾಗಿ ಹೋದ. ನಿನ್ನನ್ನ ಕುದುರೆ ಮೇಲೆ ಕೂರಿಸ್ಕೊಂಡು ಊರೂರು ಸುತ್ತಿಸಿದೋನು. ನೀನು ದಿಣ್ಣೆ ತನಕ ಬಂದು ಅವನಿಗೊಂದು ಹಿಡಿ ಮಣ್ಣು ಹಾಕದೆ ಹೋದ್ಯಾ?"

ಖೊತ್ಸೆಂಗ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ರೆಲೆಬೊಹಿಲೆ ಅಮ್ಮನ ಬೆನ್ನ ಮೇಲೆ ಕೈಯಿಟ್ಟಳು.

"ತಪ್ಪಾಯ್ತು," ಎಂದ ಆತ. "ಹೇಗಾದ್ರೂ ಸರಿಮಾಡ್ತೀನಿ. ರೆಲೆಬೊಹಿಲೆಗೆ ನಾನೇ ಮಾರ್ಗದರ್ಶಕ ಆಗ್ತೀನಿ."

"ಬೇಡಪ್ಪ. ಇಳಿದು ಬಂದು ಕೇಳೋರು ಯಾರಾದ್ರೂ ಇದ್ರೆ ಸಾಕು."

ಅಧ್ಯಕ್ಷೆಯೇ ಆ ಹೊಣೆ ಹೊತ್ತರು. ಎರಡು ವಾರದಲ್ಲಿ ವಿದ್ಯಾರ್ಥಿವೇತನದ ಪತ್ರ ಬಂತು. ಗ್ರಂಥಾಲಯದ ಪ್ರತಿಗೆ ತಿದ್ದುಪಡಿಯ ಚೀಟಿ ಅಂಟಿಸಿದರು. ಖೊತ್ಸೆಂಗ್ ಒಂದು ಭಾನುವಾರ ಒಬ್ಬನೇ ಬಂದು ತೇಫೊನ ಗೋರಿಯ ಮೇಲೆ ಊರ ರೂಢಿಯಂತೆ ಒಂದು ಕಲ್ಲಿಟ್ಟು, ಕೂತು ಅತ್ತು ಹೋದ. ಮಾಥಾಕಾನೆ ಅವನಿಗೆ ನೀರು ಕೊಟ್ಟಳು, ಊಟಕ್ಕೆ ಕರೆಯಲಿಲ್ಲ.

ಮಗಳು ಸಂಶೋಧನೆ ಶುರುಮಾಡಿದ ದಿನ ಖೊತ್ಸೆಂಗ್ ತೆಗೆದ ಹಳೆಯ ಫೋಟೊಗಳನ್ನು ಚಾಪೆಯ ಮೇಲೆ ಹರಡಿದಳು. ಅವುಗಳಡಿಯಲ್ಲಿ "ಅತ್ತೆಯಿಂದ ಬಂದ ಸಾಂಪ್ರದಾಯಿಕ ವಿನ್ಯಾಸಗಳು" ಎಂದು ಬರೆದಿತ್ತು.

"ಇವೆಲ್ಲ ಅಜ್ಜಿ ಕಲಿಸಿದ್ದಾ ಅಮ್ಮ?"

ಮಾಥಾಕಾನೆ ಒಂದೊಂದನ್ನೇ ಸರಿಸಿದಳು. "ಇದು ಅವಳದ್ದು. ಇದೂ. ಮಿಕ್ಕಿದ್ದೆಲ್ಲ ನಾನೇ ಕಟ್ಟಿದ್ದು. ಇದು ಗಣಿಯಿಂದ ಬರೋ ನಿಮ್ಮಪ್ಪನ ಬಸ್ಸು ಕಾಯ್ತಾ ಕೂತಾಗ. ಇದು ನೀನು ಹೊಟ್ಟೇಲಿದ್ದಾಗ."

ಎಣಿಸಿದರೆ ಹದಿನಾಲ್ಕರಲ್ಲಿ ಹನ್ನೆರಡು ಅಮ್ಮನವೇ. ರೆಲೆಬೊಹಿಲೆ ಬೆಪ್ಪಾಗಿ ಅಮ್ಮನ ಮುಖ ನೋಡಿದಳು. ಇಪ್ಪತ್ತೈದು ವರ್ಷ ಅದೇ ಗೋಡೆಗೆ ಒರಗಿ ಬೆಳೆದವಳು ಅವಳು.

"ಇದನ್ನ ನ್ತಾತೆ ಖೊತ್ಸೆಂಗ್‌ಗೆ ಯಾಕೆ ಹೇಳಲಿಲ್ಲ?"

"ಅತ್ತೆ ಏನು ಬರೀತಿದ್ರು ಅಂತ ಕೇಳ್ದ, ಹೇಳ್ದೆ. ನೀನೇನು ಬರೀತೀಯ ಅಂತ ಕೇಳಲೇ ಇಲ್ವಲ್ಲ."