ಬಾಯಿ ಹೊಲಿದ ದಿಂಬು

ನನ್ನ ಗಂಡ ಕಾಗದದ ಕಾರ್ಖಾನೆಯಿಂದ ನಿವೃತ್ತರಾಗಿ ಮನೆಗೆ ಬಂದದ್ದು ಕತ್ತುನೋವಿನ ಸಮೇತ. ತಿಂಗಳಿಗೊಮ್ಮೆ ದಾಂಡೇಲಿಯಿಂದ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಹೋಗಬೇಕು. ಬಸ್ಸು ಕುಲುಕಿದಾಗಲೆಲ್ಲ ಅವರು ಹಲ್ಲು ಕಚ್ಚಿ ಕೂಡುವುದನ್ನು ನೋಡಲಾರದೆ, ಹಳಿಯಾಳದ ಬಸ್‌ಸ್ಟ್ಯಾಂಡಿನ ಎದುರು ಕತ್ತಿಗೆ ಹಾಕಿಕೊಳ್ಳುವ ದಿಂಬೊಂದನ್ನು ಕೊಂಡೆವು. ಎರಡೇ ಪ್ರಯಾಣಕ್ಕೆ ಅದು ತಲೆಯೆಣ್ಣೆ, ಬೆವರು ಕುಡಿದು ನಾರತೊಡಗಿತು. ತೊಳೆದರೆ ಒಳಗಿನದೆಲ್ಲ ಗಂಟುಗಟ್ಟಿತು. ನಾಲ್ಕು ದಿನವಾದರೂ ಒಣಗಲಿಲ್ಲ.

ಆಮೇಲೆ ನಾನೇ ಹೊಲಿದೆ. ಹಳೆಯ ಪೇಪರನ್ನು ಅವರ ಕತ್ತಿಗೆ ಹಿಡಿದು ಲಾಳದ ಆಕಾರಕ್ಕೆ ಕತ್ತರಿಸಿಕೊಂಡೆ. ತೆಳು ಬಟ್ಟೆಯ ಒಳಚೀಲಕ್ಕೆ ಫೈಬರ್ ತುಂಬಿ, ಮೆತ್ತಗಾದ ಹತ್ತಿಸೀರೆಯಿಂದ ಮೇಲೊಂದು ಗವಸು ಹೊಲಿದೆ. ಮೊದಲನೆಯದು ಬಾಗುವಲ್ಲೆಲ್ಲ ಸುಕ್ಕಾಯಿತು. ಹೊಲಿಗೆಯ ಅಂಚಿಗೆ ಕತ್ತರಿಯಿಂದ ಸಣ್ಣಸಣ್ಣ ಕಚ್ಚು ಹಾಕಬೇಕೆಂದು ಎರಡನೆಯದರಲ್ಲಿ ಕಲಿತೆ. ಮುಖ್ಯವಾದದ್ದು ಗವಸಿನ ಬೆನ್ನಿಗೆ ಬಿಟ್ಟ ಬಾಯಿ. ಹುಬ್ಬಳ್ಳಿಯಿಂದ ಬಂದ ಕೂಡಲೇ ಅಲ್ಲಿಂದ ಗವಸು ಕಳಚಿ ಬಟ್ಟೆಯ ಜತೆ ಒಗೆದುಬಿಡುತ್ತಿದ್ದೆ.

ಡಾಕ್ಟರ ಹತ್ತಿರ ಸರದಿ ಕಾಯುವಾಗ ಒಬ್ಬರು ಆ ದಿಂಬನ್ನು ನೋಡಿ ಮಾತಿಗೆಳೆದರು. ಸೂಪಾ ಅಣೆಕಟ್ಟಿನ ಆಚೆ, ಜೋಯಿಡಾ ಕಡೆ ಅವರದೊಂದು ರೆಸಾರ್ಟು. ದೂರದಿಂದ ಬರುವ ಪ್ರವಾಸಿಗರಿಗೆ ಇಂಥದು ಬೇಕು, ಮಾದರಿಗೆ ಒಂದು ಕೊಡಿ, ಮುಂದೆ ನಿಮ್ಮಿಂದಲೇ ಹೊಲಿಸುತ್ತೇನೆ ಎಂದರು. ನಾನು ಹಿಗ್ಗಿ ಹೊಸದೊಂದನ್ನು ಹೊಲಿದು ಕಳಿಸಿದೆ. ಫೋನು ಬರಲೇ ಇಲ್ಲ.

ಮರುವರ್ಷ ಜೋಯಿಡಾದಲ್ಲಿ ಸಂಬಂಧಿಕರ ನಿಶ್ಚಿತಾರ್ಥ ಮುಗಿಸಿ ಬರುವಾಗ ಕೇಳಿಯೇ ಹೋಗೋಣವೆಂದು ರೆಸಾರ್ಟಿಗೆ ಹೋದೆವು. ಕೌಂಟರಿನ ಪಕ್ಕ ನನ್ನ ದಿಂಬಿನ ಹತ್ತಾರು ತದ್ರೂಪುಗಳು ತೂಗುತ್ತಿದ್ದವು. ಚೀಟಿಯ ಮೇಲೆ ‘ಕಾಡಿನ ಮಹಿಳೆಯರ ಕೈಹೊಲಿಗೆ, ತೊಳೆಯಬಹುದು’ ಎಂದು ಬರೆದಿತ್ತು. ತಿರುವಿ ನೋಡಿದೆ. ಬಾಯಿಯೇ ಇರಲಿಲ್ಲ, ಸುತ್ತ ಮಷೀನಿನ ಹೊಲಿಗೆ ಹಾಕಿ ಮುಚ್ಚಿದ್ದರು.

ಹಾಸಿಗೆಯ ಚಾದರಗಳನ್ನು ಹೊತ್ತು ಬರುತ್ತಿದ್ದ ಅಲ್ಲಿಯ ಕೆಲಸದ ಹೆಂಗಸನ್ನು, ಇವನ್ನು ಯಾರು ಹೊಲಿಯುತ್ತಾರೆ ಎಂದು ಕೇಳಿದೆ. ಆಕೆ ಜೋಯಿಡಾ ಕಡೆಯವಳೇ. “ಯಾರಿಗ್ಗೊತ್ತರಿ. ಗಾಡಿಯಾಗ ಡಬ್ಬಿ ತುಂಬಿ ಬರತಾವು. ನಾವ್ಯಾರೂ ಹೊಲದಿಲ್ಲ,” ಅಂದಳು.

ನನಗೆ ಮೈಯೆಲ್ಲ ಉರಿಯಿತು. ಒಂದನ್ನು ಕೊಂಡು, ಕೌಂಟರಿನ ಕತ್ತರಿ ತಗೊಂಡು ಅಲ್ಲೇ ಅದರ ಹೊಲಿಗೆ ಬಿಚ್ಚಿದೆ. ಹರಕು ಸ್ಪಂಜಿನ ಚೂರುಗಳು ಟೇಬಲ್ಲಿನ ತುಂಬ ಉದುರಿದವು. ಚಹಾ ಕುಡಿಯುತ್ತಿದ್ದ ಪ್ರವಾಸಿಗರು ಎದ್ದು ಬಂದು ನೋಡಿದರು. ನನ್ನ ಗಂಡ ಮುಜುಗರದಿಂದ ಹೋಗೂಣು ನಡಿ ಎಂದು ಸೆರಗು ಜಗ್ಗಿದರು. ಆ ಗಳಿಗೆಯಲ್ಲಿ ಅವರ ಮೇಲೂ ಸಿಟ್ಟು ಬಂತು.

ಮಾಲಕರು ಬಂದವರು ನನ್ನನ್ನು ಗುರುತಿಸಿದರು. “ಅಕ್ಕಾರ, ದಿಂಬಿಗೇನು ಯಾರಾದ್ರೂ ವಾರಸುದಾರರು ಇರತಾರೇನ್ರಿ?” ಎಂದು ನಕ್ಕರು.

“ದಿಂಬು ನಂದು ಅಂತ ಹೇಳಾಕ ಬಂದಿಲ್ರಿ,” ಅಂದೆ. “ತೊಳೀಬಹುದು ಅಂತ ಬರದೀರಲ್ಲ, ಹೆಂಗ ತೊಳೀಬೇಕು ಅಷ್ಟ ತೋರಸ್ರಿ. ಹೊಲದಾಕಿ ಯಾರು, ಆಕೀನ್ನೂ ಕರೀರಿ.”

ಒಳಗೆ ಕೂತು ಮಾತಾಡೋಣ ಎಂದರು. ಇಲ್ಲೇ ಮಾತಾಡಿ ಎಂದೆ. ಕೊಳ್ಳಲು ಕೈಯಲ್ಲಿ ದಿಂಬು ಹಿಡಿದಿದ್ದ ಹೆಂಗಸೊಬ್ಬರು ಅದನ್ನು ವಾಪಸು ತೂಗುಹಾಕಿದ ಮೇಲೆಯೇ ಮಾಲಕರು ಚೀಟಿಗಳನ್ನೆಲ್ಲ ಕೀಳಿಸಿದ್ದು. ಕ್ಷಮೆಯ ಒಂದು ಮಾತೂ ಬರಲಿಲ್ಲ.

ಹೊರಡುವಾಗ ಆ ಕೆಲಸದ ಹೆಂಗಸಿಗೆ ನನ್ನ ಫೋನ್ ನಂಬರು ಕೊಟ್ಟಿದ್ದೆ. ವಾರದ ನಂತರ ಆಕೆ ಫೋನು ಮಾಡಿದಳು. ಕೆಲಸ ಹೋಗಿಲ್ಲವಂತೆ. ದಿಂಬುಗಳು ಚೀಟಿಯಿಲ್ಲದೆ ಈಗಲೂ ಮಾರಾಟವಾಗುತ್ತಿವೆಯಂತೆ. ಆದರೆ ನನ್ನೊಡನೆ ಮಾತಾಡಿದ್ದು ಮಾಲಕರಿಗೆ ಗೊತ್ತಾಗಿ, ಬಂದವರ ಜತೆ ಇನ್ನು ಮಾತಾಡಕೂಡದೆಂದು ಆಕೆಗೆ ತಾಕೀತಾಗಿದೆ. ನನ್ನ ದಿಂಬು ಕದ್ದದ್ದನ್ನು ನಾನು ಮರೆತರೂ ಮರೆತೇನು, ಇದನ್ನು ಮಾತ್ರ ಇವತ್ತಿಗೂ ನುಂಗಿಕೊಳ್ಳಲಾಗಿಲ್ಲ.